ಕಾರಿನ ಮೂಲ ಸ್ಟೀರಿಯೊ ಕಿತ್ತುಹಾಕುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಕಾರುಗಳಿಗೆ ಹೊಸ ಸೌಕರ್ಯಗಳನ್ನು ಅಳವಡಿಸುವ ಬಗ್ಗೆ ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಟೈರು, ದೀಪ, ಸೀಟುಗಳ ಕುರಿತು ಅದರಲ್ಲಿದ್ದ ಸಲಹೆಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೊಬೈಲಿನಲ್ಲಿರುವ ಹಾಡುಗಳನ್ನು ಕಾರಿನಲ್ಲಿ ಕೇಳಬೇಕಾದರೆ ಕಂಪನಿಯಿಂದಲೇ ಬಂದ ಸ್ಟೀರಿಯೊವನ್ನು ತೆಗೆದುಹಾಕಿ ದೊಡ್ಡ ಟಚ್‌ಸ್ಕ್ರೀನ್ ಕೂರಿಸುವುದೊಂದೇ ದಾರಿ ಎಂಬರ್ಥದ ಮಾತು ಅದರ ಕೊನೆಯಲ್ಲಿತ್ತು. ಅದು ಸರಿಯಲ್ಲ ಎಂಬುದು ನನ್ನ ಅನುಭವ. ಹತ್ತಾರು ವರ್ಷಗಳ ಹಿಂದೆ ತಯಾರಾದ ಬಹುಪಾಲು ಕಾರ್ ಸ್ಟೀರಿಯೊಗಳಿಗೆ ಡಿಜಿಟಲ್ ಸಂಗೀತವನ್ನು ಉಣಿಸುವ ದಾರಿ ಆ ಪೆಟ್ಟಿಗೆಯ ಬೆನ್ನಿನಲ್ಲೇ ಇರುತ್ತದೆ. ಅದನ್ನು ಹುಡುಕುವ ತಾಳ್ಮೆ ಮಾರುವವರಿಗೂ ಇಲ್ಲ, ಕೊಳ್ಳುವವರಿಗೂ ಇಲ್ಲ.

ಹೀಗೆ ಬರೆಯಲು ನನಗೊಂದು ಕಾರಣವಿದೆ. ಹಿಂದೊಮ್ಮೆ ನಾನೂ ಇಂಥದೇ ಸಲಹೆಗೆ ತಲೆಬಾಗಿ, ಚೆನ್ನಾಗಿ ನಡೆಯುತ್ತಿದ್ದ ಸ್ಟೀರಿಯೊವನ್ನು ಬಿಚ್ಚಿಸಿ ಹೊಸದನ್ನು ಹಾಕಿಸಿಕೊಂಡೆ. ಕೆಲಸ ಮಾಡಿದವರು ಹಳೆಯ ಸ್ಟೀರಿಯೊದ ಕಪ್ಲರನ್ನು, ಅಂದರೆ ವೈರುಗಳ ತುದಿಯಲ್ಲಿ ಸಿಕ್ಕಿಸಲೆಂದು ಇರುವ ಪ್ಲಗ್ಗನ್ನು, ಇಕ್ಕಳದಿಂದ ಕತ್ತರಿಸಿ, ವೈರುಗಳನ್ನು ಬರಿಗೈಯಲ್ಲಿ ಹೊಸೆದು, ಮೇಲೊಂದು ಸುತ್ತು ಇನ್ಸುಲೇಷನ್ ಟೇಪು ಸುತ್ತಿ ಕಳಿಸಿದರು. ಬಿಸಿಲಿಗೆ ಟೇಪಿನ ಅಂಟು ಕರಗಿತು, ಒಂದು ವೈರು ಜಾರಿತು, ಫ್ಯೂಸ್ ಹೋಯಿತು. ಸ್ಟೀರಿಂಗ್ ಮೇಲಿನ ಗುಂಡಿಗಳು ಮೊದಲ ದಿನದಿಂದಲೇ ಮೂಕವಾಗಿದ್ದವು. ಕೊನೆಗೆ ಹಳೆಯ ಪೆಟ್ಟಿಗೆಯನ್ನೇ ವಾಪಸು ಕೂರಿಸಬೇಕೆಂದು ಹೊರಟಾಗ, ಕತ್ತರಿಸಿದ ಕಪ್ಲರನ್ನು ಮತ್ತೆ ಹೊಂದಿಸಲು ಪಟ್ಟ ಪಾಡು ಹೊಸ ಸ್ಟೀರಿಯೊ ಹಾಕಿಸಿದ್ದಕ್ಕಿಂತ ಹೆಚ್ಚಾಯಿತು. ಆ ಪಾಡಿನ ನಡುವೆಯೇ, ಪೆಟ್ಟಿಗೆಯ ಹಿಂಬದಿಯಲ್ಲಿ ಅದುವರೆಗೆ ಯಾರೂ ಬಳಸದೆ ಬಿಟ್ಟಿದ್ದ ನೀಲಿ ಬಣ್ಣದ ಒಂದು ಪುಟ್ಟ ಕಿಂಡಿ ನನ್ನ ಕಣ್ಣಿಗೆ ಬಿತ್ತು. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಮೂಲ ಸ್ಟೀರಿಯೊವನ್ನು ಏಕೆ ಉಳಿಸಿಕೊಳ್ಳಬೇಕು ಎಂದು ಕೆಲವರು ಕೇಳಬಹುದು. ಅದು ಬರೀ ಹಾಡುವ ಪೆಟ್ಟಿಗೆಯಲ್ಲ. ಆ ಕಾರಿನ ಸ್ಪೀಕರುಗಳು ಯಾವುವು, ಅವು ಬಾಗಿಲಿನ ಯಾವ ಎತ್ತರದಲ್ಲಿ ಕೂತಿವೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ಅದರ ದನಿಯನ್ನು ಹದ ಮಾಡಿರುವುದುಂಟು. ವೇಗ ಹೆಚ್ಚಿದಂತೆ ದನಿಯನ್ನು ತಾನೇ ಏರಿಸುವುದು, ಹೆಡ್‌ಲೈಟ್ ಹಾಕಿದೊಡನೆ ಪರದೆಯ ಬೆಳಕನ್ನು ತಗ್ಗಿಸುವುದು, ಸ್ಟೀರಿಂಗ್ ಗುಂಡಿಗಳ ಮಾತು ಕೇಳುವುದು ಇವೆಲ್ಲ ಕಾರಿನ ಉಳಿದ ಭಾಗಗಳೊಂದಿಗೆ ಅದಕ್ಕಿರುವ ಒಡನಾಟದಿಂದ ಆಗುವ ಕೆಲಸಗಳು. ಹಿಂದೆ ಹೆಚ್ಚಿನ ಕಾರುಗಳಲ್ಲಿ ಸ್ಟೀರಿಯೊಗೆಂದು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಗೂಡು ಇರುತ್ತಿತ್ತು. ಐಎಸ್‌ಒ 7736 ಎಂಬ ಅಂತರರಾಷ್ಟ್ರೀಯ ಮಾನಕವೇ ಅದಕ್ಕಿತ್ತು. ಗೂಡು ಒಂದೇ ಅಳತೆಯದ್ದಾಗಿದ್ದರಿಂದ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸುವುದು ಸುಲಭವಾಗಿತ್ತು. ಬರಬರುತ್ತಾ ತಯಾರಕರು ಸ್ಟೀರಿಯೊವನ್ನು ಡ್ಯಾಶ್‌ಬೋರ್ಡಿನ ಆಕಾರಕ್ಕೆ ತಕ್ಕಂತೆ ಎರಕ ಹೊಯ್ದಂತೆ ಮಾಡತೊಡಗಿದರು. ಏಸಿಯ ನಿಯಂತ್ರಣ, ಹಿಂಬದಿಯ ಕ್ಯಾಮೆರಾ, ವಾಹನದ ಸೆಟ್ಟಿಂಗುಗಳು ಎಲ್ಲವೂ ಅದೇ ಪರದೆಯೊಳಗೆ ಸೇರಿದ ಮೇಲಂತೂ ಅದನ್ನು ಕಿತ್ತರೆ ಹಾಡಿನ ಜೊತೆಗೆ ಇನ್ನೂ ಏನೇನೋ ಕಿತ್ತುಬರುತ್ತದೆ.

ಇಲ್ಲದ್ದನ್ನು ಕಾರಿಗೆ ಸೇರಿಸಿಕೊಳ್ಳುವುದು ಹೊಸ ಹುಚ್ಚೂ ಅಲ್ಲ. 1930ರಲ್ಲಿ ಅಮೆರಿಕದ ಗಾಲ್ವಿನ್ ಸಹೋದರರು ಮೋಟೊರೋಲಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ ಕಾರ್ ರೇಡಿಯೊ ಕೂಡ ಕಾರು ಕೊಂಡ ಮೇಲೆ ಪ್ರತ್ಯೇಕವಾಗಿ ಹಾಕಿಸಿಕೊಳ್ಳಬೇಕಾದ ವಸ್ತುವೇ ಆಗಿತ್ತು. ಆಮೇಲೆ ಕ್ಯಾಸೆಟ್ ಬಂತು, ಸಿಡಿ ಬಂತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್, ಹೊಸ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಹೆಚ್ಚುಕಡಿಮೆ 2010ರವರೆಗೂ ಅಲ್ಲಲ್ಲಿ ಜೀವ ಹಿಡಿದುಕೊಂಡಿತ್ತು. ಆ ಹೊತ್ತಿಗೆ ಎಂಪಿ3 ಎಂಬ ಕಡತದ ಹೆಸರು ಹುಟ್ಟಿಯೇ 15 ವರ್ಷವಾಗಿತ್ತು. ಹಾಡು ಕೇಳುವ ರೂಢಿ ಬೇಗ ಬದಲಾಗುತ್ತದೆ, ಕಾರು ನಿಧಾನಕ್ಕೆ ಹಳತಾಗುತ್ತದೆ. ಈ ಎರಡರ ನಡುವಿನ ಅಂತರದಲ್ಲಿಯೇ ನಾನು ಹೇಳುತ್ತಿರುವ ಸಮಸ್ಯೆ ಹುಟ್ಟುವುದು.

ಎಲ್ಲರೂ ಮೊದಲು ಕೊಳ್ಳುವುದು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಎಫ್ಎಂ ಟ್ರಾನ್ಸ್‌ಮಿಟರನ್ನು. ಅದು ಪೆನ್‌ಡ್ರೈವಿನಿಂದಲೋ ಬ್ಲೂಟೂತಿನಿಂದಲೋ ಹಾಡನ್ನು ಪಡೆದು, ಪುಟಾಣಿ ರೇಡಿಯೊ ಕೇಂದ್ರದಂತೆ ಪ್ರಸಾರ ಮಾಡುತ್ತದೆ. ಕಾರಿನ ರೇಡಿಯೊ ಅದನ್ನು ಹಿಡಿಯುತ್ತದೆ. ಯಾವ ವೈರನ್ನೂ ಮುಟ್ಟಬೇಕಿಲ್ಲ ಎಂಬುದು ಅದರ ದೊಡ್ಡ ಗುಣ. ಆದರೆ ನಿಜವಾದ ಕೇಂದ್ರಗಳಿಗೆ ಅಡ್ಡಿಯಾಗಬಾರದೆಂದು ಇಂಥ ಸಾಧನಗಳ ಶಕ್ತಿಯನ್ನು ಕಾನೂನೇ ತೀರಾ ಕಡಿಮೆ ಮಟ್ಟದಲ್ಲಿ ಕಟ್ಟಿಹಾಕಿರುತ್ತದೆ. ಯುರೋಪಿನಲ್ಲಿ ಆ ಮಿತಿ 50 ನ್ಯಾನೊವಾಟ್. ಖಾಲಿ ತರಂಗಾಂತರವೊಂದನ್ನು ಹುಡುಕಿ ಹೊಂದಿಸಿಕೊಂಡು ಹೊರಟರೆ, ಇನ್ನೊಂದು ಊರಿನ ಗಡಿ ಮುಟ್ಟುವಷ್ಟರಲ್ಲಿ ಅಲ್ಲಿಯ ಕೇಂದ್ರವೊಂದು ನಮ್ಮ ಹಾಡಿನ ಮೇಲೇರಿ ಬರುತ್ತದೆ. ಅಡ್ಡಿಯೇ ಇಲ್ಲದಿದ್ದರೂ ಎಫ್ಎಂ ಸ್ಟೀರಿಯೊ ಪ್ರಸಾರ ಸುಮಾರು 15 ಕಿಲೊಹರ್ಟ್ಜ್‌ಗಿಂತ ಮೇಲಿನ ಸ್ವರಾಂಶಗಳನ್ನು ಹೊರುವುದಿಲ್ಲ, ಏಕೆಂದರೆ 19 ಕಿಲೊಹರ್ಟ್ಜ್‌ನಲ್ಲಿ ಸ್ಟೀರಿಯೊದ ಗುರುತಿನ ಸಂಕೇತ ಕೂತಿರುತ್ತದೆ. ಮಾತು, ಸುದ್ದಿ, ಪ್ರವಚನಗಳಿಗೆ ಇದು ಸಾಕು. ತಂಬೂರಿಯ ನಾದ ಗಾಳಿಯ ಭೋರಿನಲ್ಲಿ ಮುಳುಗುವುದನ್ನು ಸಹಿಸದವರಿಗೆ ಸಾಲದು. ಆಂಟೆನಾದ ವೈರಿನ ನಡುವೆಯೇ ಕೂರುವ ಎಫ್ಎಂ ಮಾಡ್ಯುಲೇಟರ್ ಎಂಬುದೊಂದಿದೆ. ಹೊರಗಿನ ಪ್ರಸಾರವನ್ನು ತಡೆದು ನಮ್ಮ ಹಾಡನ್ನು ನೇರವಾಗಿ ಆಂಟೆನಾ ಕಿಂಡಿಗೆ ಕೊಡುವುದರಿಂದ ಅದು ಎಷ್ಟೋ ಮೇಲು.

ಕ್ಯಾಸೆಟ್ ಪ್ಲೇಯರ್ ಇರುವ ಕಾರಿನವರು ತಮ್ಮನ್ನು ತಾವೇ ಬಡವರೆಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅವರು ಅದೃಷ್ಟವಂತರು. ಕ್ಯಾಸೆಟ್ಟಿನ ಆಕಾರದ ಅಡಾಪ್ಟರೊಂದಿದೆ. ಅದರೊಳಗೆ ಟೇಪಿಲ್ಲ, ಟೇಪು ಹಾಯಬೇಕಾದ ಜಾಗದಲ್ಲಿ ಒಂದು ಕಾಂತೀಯ ಹೆಡ್ ಇದೆ. ಮೊಬೈಲಿನಿಂದ ಬಂದ ವಿದ್ಯುತ್ ಸಂಕೇತವನ್ನು ಅದು ಕಾಂತಕ್ಷೇತ್ರವಾಗಿಸುತ್ತದೆ, ಎದುರಿಗೆ ಒತ್ತಿಕೊಂಡಿರುವ ಪ್ಲೇಯರಿನ ಹೆಡ್ ಅದನ್ನೇ ಟೇಪಿನಿಂದ ಬಂದದ್ದೆಂದು ನಂಬಿ ಹಾಡುತ್ತದೆ. ಒಳಗಿನ ಪುಟ್ಟ ಹಲ್ಲುಚಕ್ರಗಳು ಸುಮ್ಮನೆ ತಿರುಗುತ್ತಾ, ಟೇಪು ಸಾಗುತ್ತಿದೆ ಎಂದು ಯಂತ್ರಕ್ಕೆ ಭ್ರಮೆ ಹುಟ್ಟಿಸುತ್ತವೆ. ಈ ಮೋಸದ ಸೊಗಸನ್ನು ಮೊದಲ ಸಲ ಕಂಡ ದಿನ ನಾನು ಒಬ್ಬನೇ ಕೂತು ನಕ್ಕಿದ್ದೇನೆ. ಬಳಸುವವರು, ಟೇಪಿನ ಸುಯ್ಯೆಂಬ ಸದ್ದನ್ನು ತಗ್ಗಿಸಲೆಂದು ಇರುವ ಡಾಲ್ಬಿ ಗುಂಡಿಯನ್ನು ಆರಿಸಿಡಬೇಕು. ಡಾಲ್ಬಿ ಪದ್ಧತಿಯಲ್ಲಿ ಧ್ವನಿಮುದ್ರಣವಾಗದ ಸಂಕೇತದ ಮೇಲೆ ಅದು ಕೆಲಸ ಮಾಡಿದರೆ ದನಿ ಮಂಕಾಗುತ್ತದೆ. ಟೇಪಿನ ಎರಡೂ ಬದಿಯನ್ನು ತಾವೇ ನುಡಿಸುವ ಕೆಲವು ಆಟೊರಿವರ್ಸ್ ಪ್ಲೇಯರುಗಳು ಈ ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹೊರಗೆ ಉಗುಳುತ್ತವೆ. ಬೇರೆ ತಯಾರಿಕೆಯ ಅಡಾಪ್ಟರ್ ಹಾಕಿ ನೋಡಿದರೆ ಒಪ್ಪಿಕೊಳ್ಳುವುದೂ ಉಂಟು.

ಆದರೆ ನಾನು ನಿಜವಾಗಿ ಹೇಳಬೇಕೆಂದಿರುವುದು ಆ ನೀಲಿ ಕಿಂಡಿಯ ವಿಷಯ. ಸಿಡಿಗಳ ಕಾಲದಲ್ಲಿ ಆರು ಸಿಡಿ ಹಿಡಿಯುವ ಚೇಂಜರನ್ನು ಡಿಕ್ಕಿಯಲ್ಲೋ ಸೀಟಿನ ಅಡಿಯಲ್ಲೋ ಇಟ್ಟು, ಅಲ್ಲಿಂದ ಡ್ಯಾಶ್‌ಬೋರ್ಡಿನ ಸ್ಟೀರಿಯೊವರೆಗೆ ವೈರು ಎಳೆಯುವ ರೂಢಿಯಿತ್ತು. ಚೇಂಜರ್ ದುಬಾರಿಯಾದ್ದರಿಂದ ಕೊಂಡವರು ಕಡಿಮೆ. ಆದರೆ ಎಲ್ಲ ಗಿರಾಕಿಗಳಿಗೂ ಒಂದೇ ಸ್ಟೀರಿಯೊ ತಯಾರಾಗುತ್ತಿತ್ತಾದ್ದರಿಂದ, ಚೇಂಜರ್ ಕೊಳ್ಳದವರ ಪೆಟ್ಟಿಗೆಯ ಬೆನ್ನಿನಲ್ಲೂ ಅದರ ಕಿಂಡಿ ಹಾಗೆಯೇ ಉಳಿಯಿತು. ಐಎಸ್‌ಒ 10487 ಎಂಬ ಮಾನಕ ಪಾಲಿಸಿದ ಸ್ಟೀರಿಯೊಗಳಲ್ಲಿ ಎ ಭಾಗ ವಿದ್ಯುತ್ತಿಗೆ, ಬಿ ಭಾಗ ಸ್ಪೀಕರುಗಳಿಗೆ, ಸಿ ಭಾಗ ಇತರ ಸಾಧನಗಳಿಗೆ ಮೀಸಲು. ಈ ಸಿ ಭಾಗದ ಮೂರು ತುಂಡುಗಳಲ್ಲಿ ಚೇಂಜರಿಗೆ ಮೀಸಲಾದದ್ದು ಸಾಮಾನ್ಯವಾಗಿ ನೀಲಿ ಬಣ್ಣದ್ದು. ಅದರಲ್ಲಿ ಎಡ ಬಲ ದನಿಯ ಸಂಕೇತಕ್ಕೆ ಪಿನ್ನುಗಳಿವೆ, ವಿದ್ಯುತ್ತಿಗೆ ಇವೆ, ಮಾತುಕತೆಗೆ ಬೇಕಾದ ದತ್ತಾಂಶದ ಪಿನ್ನುಗಳೂ ಇವೆ.

ಮಾತುಕತೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಎಡ ಬಲದ ಪಿನ್ನಿಗೆ ಮೊಬೈಲಿನ ವೈರು ಸೇರಿಸಿದೊಡನೆ ಹಾಡು ಕೇಳುತ್ತದೆಂದು ಭಾವಿಸಿ ಸೋತವರು ಬಹಳ ಮಂದಿ. ಸ್ಟೀರಿಯೊ ಹೊತ್ತಿಕೊಂಡಾಗ ಮೊದಲು ಚೇಂಜರನ್ನು ಕೂಗಿ ಕೇಳುತ್ತದೆ: ಇದ್ದೀಯಾ, ಎಷ್ಟು ಸಿಡಿ ಇವೆ, ಯಾವುದು ಓಡುತ್ತಿದೆ? ಉತ್ತರ ಬಾರದಿದ್ದರೆ ಸಿಡಿ ಗುಂಡಿಯನ್ನು ಎಷ್ಟು ಒತ್ತಿದರೂ ಅದು ಆ ಕಡೆ ತಿರುಗುವುದಿಲ್ಲ. ಹೀಗಾಗಿ, ಚೇಂಜರಿನ ವೇಷ ಹಾಕಿ ಸರಿಯಾದ ಉತ್ತರ ಕೊಡುವ ಸಣ್ಣ ಪೆಟ್ಟಿಗೆಯೊಂದು ಬೇಕು. ಇದನ್ನು ಚೇಂಜರ್ ಎಮ್ಯುಲೇಟರ್ ಎನ್ನುತ್ತಾರೆ. ಒಳಗೆ ಸಿಡಿ ಇಲ್ಲದಿದ್ದರೂ ಆರು ಸಿಡಿ ಇವೆ, ಈಗ ಮೊದಲನೆಯದರ ಐದನೇ ಹಾಡು ನಡೆಯುತ್ತಿದೆ ಎಂದು ಅದು ಹೇಳುತ್ತಾ ಹೋಗುತ್ತದೆ; ಸ್ಟೀರಿಯೊ ನಂಬುತ್ತದೆ. ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ಸಿಕ್ಕಿಸುವ ಬಗೆಯದಾದರೆ, ಅದರಲ್ಲಿ ನಾವು ಮಾಡಿಟ್ಟ ಒಂದೊಂದು ಫೋಲ್ಡರನ್ನು ಒಂದೊಂದು ಸಿಡಿಯೆಂದು ತೋರಿಸುತ್ತದೆ. ಸ್ಟೀರಿಯೊದ ಪರದೆ ಎರಡಂಕಿಗಿಂತ ಹೆಚ್ಚು ಎಣಿಸಲು ಬಾರದ್ದಾದರೆ ಒಂದು ಫೋಲ್ಡರಿಗೆ 99 ಹಾಡುಗಳ ಮಿತಿ ಬೀಳುತ್ತದೆ. ಹಾಡಿನ ಹೆಸರು ಕಾಣುವುದಿಲ್ಲ, ಅಂಕಿ ಮಾತ್ರ ಕಾಣುತ್ತದೆ. ಅದಕ್ಕೆ ಪ್ರತಿಯಾಗಿ, ಮುಂದಿನ ಹಾಡು, ಹಿಂದಿನ ಹಾಡು ಎಂದು ಸ್ಟೀರಿಂಗ್ ಗುಂಡಿ ಒತ್ತಿದರೆ ಸ್ಟೀರಿಯೊ ಆ ಆಜ್ಞೆಯನ್ನು ಚೇಂಜರಿಗೆ ತಲುಪಿಸುತ್ತೇನೆಂದುಕೊಂಡು ಎಮ್ಯುಲೇಟರಿಗೆ ತಲುಪಿಸುತ್ತದೆ, ಹಾಡು ಬದಲಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಕಾರಿನಲ್ಲಿ ಏನೂ ಬದಲಾಗಿಲ್ಲ. ಬ್ಲೂಟೂತ್ ಬಗೆಯದರಲ್ಲಿ ಇದೇ ಆಜ್ಞೆಗಳು ಮೊಬೈಲಿಗೆ ಹೋಗುತ್ತವೆ.

ತೊಡಕಿರುವುದು ಭಾಷೆಯಲ್ಲಿ. ಪ್ರತಿ ತಯಾರಕರ ಸ್ಟೀರಿಯೊ ತನ್ನದೇ ಭಾಷೆಯಲ್ಲಿ ಚೇಂಜರನ್ನು ಮಾತನಾಡಿಸುತ್ತದೆ. ಬಿಎಂಡಬ್ಲ್ಯುದ ಒಂದು ತಲೆಮಾರಿನ ಕಾರುಗಳಲ್ಲಿ ಐ-ಬಸ್, ಟೊಯೊಟಾದಲ್ಲಿ ಎವಿಸಿ-ಲ್ಯಾನ್, ಬೇರೆಡೆ ಬೇರೆ. ಕೆಲವು ದುಬಾರಿ ಕಾರುಗಳಲ್ಲಿ ಮೋಸ್ಟ್ ಎಂಬ ಜಾಲವಿದ್ದು, ಅಲ್ಲಿ ತಾಮ್ರದ ವೈರಿನ ಬದಲು ಪ್ಲಾಸ್ಟಿಕ್ ಎಳೆಯೊಳಗೆ ಬೆಳಕು ಹರಿಯುತ್ತದೆ. ಮೊದಲ ತಲೆಮಾರಿನ ಮೋಸ್ಟ್ ಸೆಕೆಂಡಿಗೆ ಸುಮಾರು 25 ಮೆಗಾಬಿಟ್ ಸಾಗಿಸುತ್ತಿತ್ತು. ಇದರಲ್ಲಿ ಸಾಧನಗಳೆಲ್ಲ ಕೈಕೈ ಹಿಡಿದು ವೃತ್ತಾಕಾರವಾಗಿ ನಿಂತಂತೆ ಇರುತ್ತವೆ, ಒಂದು ಕೈಬಿಟ್ಟರೆ ಇಡೀ ವೃತ್ತವೇ ಮೌನ. ಆ ಎಳೆಯನ್ನು 25 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಹೀಗಿರುವಾಗ ‘ಎಲ್ಲ ಕಾರಿಗೂ ಹೊಂದುತ್ತದೆ’ ಎಂದು ಬರೆದ ಎಮ್ಯುಲೇಟರನ್ನು ಯಾರಾದರೂ ಮಾರಿದರೆ ಅನುಮಾನಿಸುವುದೇ ಲೇಸು. ಕಾರಿನ ಮಾದರಿ, ತಯಾರಾದ ವರ್ಷ, ಸ್ಟೀರಿಯೊದ ಮೇಲಿರುವ ಪಾರ್ಟ್ ನಂಬರ್ ಮೂರನ್ನೂ ಹೇಳಿ ಕೊಳ್ಳಬೇಕು. ಒಂದೇ ಮಾದರಿಯ ಕಾರಿನಲ್ಲಿ ನಡುವರ್ಷದಲ್ಲಿ ಸ್ಟೀರಿಯೊ ಬದಲಾಗಿರುವುದುಂಟು.

ಚೇಂಜರ್ ಕಿಂಡಿಯೂ ಇಲ್ಲ, ಹೊರಗಿನ ಸಾಧನದ ದನಿಯನ್ನು ಕೇಬಲಿನಿಂದ ನೇರವಾಗಿ ಪಡೆಯುವ ಆಕ್ಸ್ ಕಿಂಡಿಯೂ ಇಲ್ಲ ಎಂಬ ಸ್ಟೀರಿಯೊಗಳನ್ನು ಬಿಚ್ಚಿ, ದನಿಯ ಮಟ್ಟ ನಿಯಂತ್ರಿಸುವ ಚಿಪ್ಪಿಗೆ ಸಿಡಿ ಅಥವಾ ಟೇಪಿನ ಸಂಕೇತ ಬರುವ ಜಾಗದಲ್ಲಿ ಬೆಸುಗೆ ಹಾಕಿ ಹೊರಗಿನ ಸಂಕೇತ ತಂದವರಿದ್ದಾರೆ. ಬಳಸುವಾಗ, ಏನೂ ಧ್ವನಿಮುದ್ರಿಸದ ಮೌನದ ಸಿಡಿಯೊಂದನ್ನು ಓಡಿಸುತ್ತಾ ಅದರ ಮೇಲೆ ಮೊಬೈಲಿನ ಹಾಡು ಕೇಳುತ್ತಾರೆ. ಜಾಣತನದ ಕೆಲಸ, ಆದರೆ ಬೆಸುಗೆಯ ಕೈ ಪಳಗಿರಬೇಕು. ಎಲ್ಲರಿಗೂ ಇದನ್ನು ಹೇಳಲಾರೆ.

ಸಿಡಿ ಪ್ಲೇಯರ್ ಎಂಪಿ3 ಓದುವಂಥದ್ದಾದರೆ ಕಾರಿಗೆ ಕೈಯನ್ನೇ ಹಚ್ಚಬೇಕಿಲ್ಲ ಎಂಬುದನ್ನೂ ಇಲ್ಲಿ ನೆನಪಿಸಬೇಕು. ಸೆಕೆಂಡಿಗೆ 128 ಕಿಲೊಬಿಟ್ ದರದಲ್ಲಿ ಒಂದು ಗಂಟೆಯ ಸಂಗೀತ 58 ಮೆಗಾಬೈಟ್ ಸಮೀಪ ಬರುತ್ತದೆ. 700 ಮೆಗಾಬೈಟ್‌ನ ಒಂದು ಡಿಸ್ಕಿನಲ್ಲಿ 12 ಗಂಟೆ ಕೇಳುವಷ್ಟು ಹಿಡಿಯುತ್ತದೆ. ಪೆನ್‌ಡ್ರೈವ್ ಬಳಸುವವರು ಅದನ್ನು ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಬೇಕು, ಹಳೆಯ ಸಾಧನಗಳು ಬೇರೆಯದನ್ನು ಓದುವುದು ಅಪರೂಪ. ಹಾಡುಗಳು ಹೆಸರಿನ ಅಕ್ಷರಾನುಕ್ರಮದಲ್ಲಿ ಬಾರದೆ ಗೊಂದಲವಾದರೆ ಗಾಬರಿ ಬೇಡ. ಎಷ್ಟೋ ಪ್ಲೇಯರುಗಳು ಹೆಸರನ್ನು ನೋಡದೆ, ಪೆನ್‌ಡ್ರೈವಿಗೆ ನಕಲಿಸಿದ ಕ್ರಮದಲ್ಲೇ ಹಾಡುತ್ತವೆ. ಖಾಲಿ ಮಾಡಿ, ಬೇಕಾದ ಕ್ರಮದಲ್ಲಿ ಒಂದೊಂದಾಗಿ ನಕಲಿಸಿದರೆ ಸರಿಹೋಗುತ್ತದೆ.

ಸಿಡಿಯ ಮೂಲ ದತ್ತಾಂಶ ಸೆಕೆಂಡಿಗೆ 1411 ಕಿಲೊಬಿಟ್ ಇರುವಾಗ ಅದನ್ನು 320ಕ್ಕೋ 192ಕ್ಕೋ ಕುಗ್ಗಿಸಿದರೆ ಸಂಗೀತ ಸಾಯುತ್ತದೆಂದು ವಾದಿಸುವ ಗೆಳೆಯರು ನನಗಿದ್ದಾರೆ. ಮನೆಯ ನಿಶ್ಶಬ್ದ ಕೋಣೆಯಲ್ಲಿ ಆ ವಾದಕ್ಕೆ ಕಿವಿಗೊಡೋಣ. ಎಂಜಿನ್ನು, ಟೈರು, ಗಾಳಿ ಮೂರೂ ಸೇರಿ ಸದ್ದು ಮಾಡುವ ಕಾರಿನಲ್ಲಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬ್ಲೂಟೂತಿನ ವಿಷಯದಲ್ಲೂ ಹಾಗೆಯೇ. ಸಂಗೀತ ಸಾಗಿಸುವ ಎ2ಡಿಪಿ ಎಂಬ ವ್ಯವಸ್ಥೆಯಲ್ಲಿ ಎಸ್‌ಬಿಸಿ ಎಂಬ ಸಂಕೋಚನ ಕಡ್ಡಾಯ, ಉಳಿದವು ಐಚ್ಛಿಕ. ಎಸ್‌ಬಿಸಿಯನ್ನು ಹಳಿಯುವವರು ಬಹಳ. ಚೆನ್ನಾಗಿ ಅಳವಡಿಸಿದ್ದರೆ ಕಾರಿಗೆ ಅದು ಧಾರಾಳ ಸಾಕು. ಆದರೆ ಕೊಳ್ಳುವ ಮುನ್ನ ಆ ಪೆಟ್ಟಿಗೆ ಎ2ಡಿಪಿಯನ್ನು ಬಲ್ಲದೇ ಎಂದು ಖಾತರಿ ಮಾಡಿಕೊಳ್ಳಬೇಕು. ಕರೆಗಳಿಗಷ್ಟೇ ಮೀಸಲಾದ ಹಳೆಯ ಹ್ಯಾಂಡ್ಸ್‌ಫ್ರೀ ಕಿಟ್ಟುಗಳ ಮೂಲಕ ಹಾಡು ಕೇಳಿದರೆ ಅದು ಟೆಲಿಫೋನಿನೊಳಗಿಂದ ಬಂದಂತೆಯೇ ಇರುತ್ತದೆ.

ನನ್ನ ಪ್ರಕಾರ ನಿಜವಾಗಿ ಸಂಗೀತವನ್ನು ಕೆಡಿಸುವುದು ಕಡತದ ಗುಣಮಟ್ಟವಲ್ಲ, ಅರ್ಥಿಂಗ್, ಅಂದರೆ ವಿದ್ಯುತ್ತು ಕಾರಿನ ಲೋಹದ ಮೈಗೆ ಮರಳುವ ಜೋಡಣೆ. ಆಕ್ಸ್ ಕೇಬಲ್ ಹಾಕಿದ ಬಹುತೇಕರು ಒಂದಲ್ಲ ಒಂದು ದಿನ ಕೀಚಲು ಸದ್ದೊಂದನ್ನು ಕೇಳಿರುತ್ತಾರೆ. ಆಕ್ಸಿಲರೇಟರ್ ಒತ್ತಿದಂತೆ ಅದರ ಸ್ವರವೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರಿನ ಏರಿಳಿತವೇ ಹೀಗೆ ದನಿಯಾಗಿ ಕೇಳುವುದು. ಮೊಬೈಲು ತನ್ನ ಚಾರ್ಜರಿನ ಮೂಲಕ ಒಂದು ಕಡೆ, ಆಕ್ಸ್ ಕೇಬಲಿನ ಮೂಲಕ ಇನ್ನೊಂದು ಕಡೆ, ಹೀಗೆ ಎರಡು ದಾರಿಯಲ್ಲಿ ಕಾರಿನ ಅರ್ಥಿಗೆ ಸೇರಿಕೊಳ್ಳುತ್ತದೆ. ಆ ಎರಡು ಜಾಗಗಳ ವೋಲ್ಟೇಜು ತುಸು ಹೆಚ್ಚುಕಡಿಮೆ ಇದ್ದರೂ ಸಾಕು, ನಡುವೆ ಸಣ್ಣ ಪ್ರವಾಹ ಸುತ್ತು ಹಾಕತೊಡಗಿ ದನಿಯ ತಂತಿಗೂ ತಾಗುತ್ತದೆ. ಪತ್ತೆಹಚ್ಚುವುದು ಕಷ್ಟವಲ್ಲ. ಹಾಡು ನಡೆಯುತ್ತಿರುವಾಗಲೇ ಚಾರ್ಜರಿನಿಂದ ಮೊಬೈಲನ್ನು ಬಿಡಿಸಿ ನೋಡಬೇಕು, ಕೀಚಲು ನಿಂತರೆ ತಪ್ಪು ಈ ಸುತ್ತಿನದೇ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಟ್ರಾನ್ಸ್‌ಫಾರ್ಮರನ್ನು ಆಕ್ಸ್ ಕೇಬಲಿನ ನಡುವೆ ಹಾಕಿದರೆ ದನಿ ದಾಟುತ್ತದೆ, ಸುತ್ತು ತುಂಡಾಗುತ್ತದೆ. ತೀರಾ ಅಗ್ಗದ ಐಸೊಲೇಟರುಗಳು ಮೃದಂಗದ ಎಡದ ಗುಮುಕಿಯನ್ನೂ ನುಂಗುತ್ತವೆ ಎಂಬುದನ್ನು ಮರೆಯಬಾರದು. ಶಾಶ್ವತವಾಗಿ ಕೂರಿಸುವ ಪೆಟ್ಟಿಗೆಯಾದರೆ ಅದರ ಅರ್ಥ್ ವೈರನ್ನು ಎಲ್ಲೋ ಹತ್ತಿರದ ಬೋಲ್ಟಿಗೆ ಬಿಗಿಯದೆ, ಸ್ಟೀರಿಯೊದ ಅರ್ಥ್ ಸೇರುವ ಜಾಗಕ್ಕೇ ಸೇರಿಸಿದರೆ ಅರ್ಧ ತಲೆನೋವು ತಪ್ಪುತ್ತದೆ. ಇನ್ನೊಂದು ತಪ್ಪೂ ಸಾಮಾನ್ಯ: ಮೊಬೈಲಿನ ದನಿಯನ್ನು ಕಡಿಮೆಯಿಟ್ಟು ಸ್ಟೀರಿಯೊದ ದನಿಯನ್ನು ಪೂರ್ತಿ ಏರಿಸುವುದು. ಆಗ ಗದ್ದಲವೂ ಅಷ್ಟೇ ದೊಡ್ಡದಾಗುತ್ತದೆ. ಮೊಬೈಲಿನದನ್ನು ಮುಕ್ಕಾಲಿಗಿಂತ ಮೇಲಿಟ್ಟು, ಬೇಕಾದಷ್ಟನ್ನು ಸ್ಟೀರಿಯೊದಲ್ಲಿ ಹೊಂದಿಸಿಕೊಳ್ಳಬೇಕು. 2016ರಲ್ಲಿ ಆ್ಯಪಲ್ ತನ್ನ ಫೋನಿನಿಂದ 3.5 ಮಿ.ಮೀ. ಹೆಡ್‌ಫೋನ್ ಕಿಂಡಿಯನ್ನು ತೆಗೆದುಹಾಕಿದ ಮೇಲೆ ಉಳಿದವರಲ್ಲಿ ಬಹಳಷ್ಟು ಮಂದಿ ಅದೇ ಹಾದಿ ಹಿಡಿದದ್ದರಿಂದ, ಆಕ್ಸ್ ಕೇಬಲಿಗೆ ಈಗ ಪರಿವರ್ತಕದ ತುಂಡೊಂದು ಜೊತೆಯಾಗಬೇಕಿದೆ. ಕಾರುಗಳಲ್ಲಿ ಆ ಕಿಂಡಿ ಸರ್ವೇಸಾಮಾನ್ಯವಾಗಿ ಹೆಚ್ಚು ವರ್ಷಗಳೂ ಆಗಿರಲಿಲ್ಲ!

ವಿದ್ಯುತ್ತಿನ ವಿಷಯದಲ್ಲಿ ಅವಸರ ಕೂಡದು. ಸ್ಟೀರಿಯೊಗೆ ಎರಡು ಕಡೆಯಿಂದ 12 ವೋಲ್ಟ್ ಬರುತ್ತದೆ: ಒಂದು ಬ್ಯಾಟರಿಯಿಂದ ಸದಾ ಬರುವುದು, ಗಡಿಯಾರ ಮತ್ತು ನೆನಪು ಉಳಿಸುವುದಕ್ಕೆ, ಇನ್ನೊಂದು ಕೀ ತಿರುಗಿಸಿದಾಗ ಮಾತ್ರ ಬರುವುದು. ಐಎಸ್‌ಒ ಕಪ್ಲರಿನಲ್ಲಿ ಎ4 ಎಂಬ ಪಿನ್ನು ಸದಾ ಇರುವುದು, ಎ7 ಕೀಯೊಂದಿಗೆ ಬರುವುದು, ಎ8 ಅರ್ಥ್. ಆದರೆ ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳಲ್ಲಿ ಎ4, ಎ7 ಅದಲುಬದಲಾಗಿರುತ್ತವೆ. ಆದ್ದರಿಂದ ವೈರಿನ ಬಣ್ಣವನ್ನೋ ಪುಸ್ತಕದ ಚಿತ್ರವನ್ನೋ ನಂಬದೆ ಮಲ್ಟಿಮೀಟರಿನಿಂದ ಅಳೆದು ನೋಡಬೇಕು. ಎಮ್ಯುಲೇಟರಿನಂಥ ಹೊಸ ಪೆಟ್ಟಿಗೆಯನ್ನು ತಪ್ಪಿ ಸದಾ ಬರುವ ವೈರಿಗೆ ಸೇರಿಸಿದರೆ, ಅದು ಬರೀ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಗಂಟೆಯಾಯಿತು. 45 ಆಂಪಿಯರ್-ಗಂಟೆಯ ಬ್ಯಾಟರಿ ಹತ್ತೊಂಬತ್ತು ದಿನದೊಳಗೆ ಅರ್ಧ ಬರಿದು. ಊರಿಗೆ ಹೋಗಿ ತಿಂಗಳಾದ ಮೇಲೆ ಮರಳಿದವರು ಕಾರು ಸ್ಟಾರ್ಟ್ ಆಗದೆ ಬ್ಯಾಟರಿಯನ್ನು ಬೈಯುವುದು ಹೀಗೆ. ಪೆಟ್ಟಿಗೆಗೆ ಹೋಗುವ ವೈರಿಗೆ ಅದರದ್ದೇ ಸಣ್ಣ ಫ್ಯೂಸ್ ಇರಲೇಬೇಕು.

ಬಿಚ್ಚುವ ಮುನ್ನ ಎರಡು ವಿಷಯ. ಬಹಳಷ್ಟು ಮೂಲ ಸ್ಟೀರಿಯೊಗಳು ಕಳ್ಳರ ಭಯಕ್ಕೆ ಗುಪ್ತಸಂಖ್ಯೆ ಇಟ್ಟುಕೊಂಡಿರುತ್ತವೆ. ಬ್ಯಾಟರಿ ತಪ್ಪಿಸಿ ಮತ್ತೆ ಸೇರಿಸಿದೊಡನೆ ಅದನ್ನು ಕೇಳುತ್ತವೆ, ತಪ್ಪು ಸಂಖ್ಯೆಯನ್ನು ಹಲವು ಸಲ ಕೊಟ್ಟರೆ ಗಂಟೆಗಟ್ಟಲೆ ಮುನಿಸಿಕೊಳ್ಳುತ್ತವೆ. ಆ ಸಂಖ್ಯೆ ಕೈಯಲ್ಲಿರದೆ ಬ್ಯಾಟರಿಯ ತಂಟೆಗೆ ಹೋಗಬಾರದು. ಎರಡನೆಯದು, ಡ್ಯಾಶ್‌ಬೋರ್ಡಿನೊಳಗೆ ಹಳದಿ ಬಣ್ಣದ ಕಪ್ಲರುಗಳು ಕಂಡರೆ ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವನ್ನು ಯಾವ ಕಾರಣಕ್ಕೂ ಮುಟ್ಟಕೂಡದು, ಬ್ಯಾಟರಿ ತಪ್ಪಿಸಿ ಕೆಲವು ನಿಮಿಷ ಕಾದೇ ಕೆಲಸಕ್ಕೆ ಕೈಹಾಕಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಇದು ಸಾಮಾನ್ಯ ಓದುಗರಿಗೆ ಏಕೆ ಇಷ್ಟು ಗೋಜಲಾಗಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ದೋಷ ತಂತ್ರಜ್ಞಾನದ್ದಲ್ಲ. ನೂರಾರು ಪುಟಗಳ ಕೈಪಿಡಿಯಲ್ಲಿ ಸೀಟು ಹಿಂದೆಮುಂದೆ ಸರಿಸುವುದಕ್ಕೆ ಚಿತ್ರಗಳಿರುತ್ತವೆ. ಸ್ಟೀರಿಯೊದ ಹಿಂಬದಿಯಲ್ಲಿ ಯಾವ ಯಾವ ಕಿಂಡಿಗಳಿವೆ, ಯಾವ ಪಿನ್ನು ಯಾವುದಕ್ಕೆ ಎಂಬ ಒಂದು ಚಿತ್ರ ಇರುವುದಿಲ್ಲ. ಅರ್ಧ ಪುಟದ ಈ ಮಾಹಿತಿ ಕೊಟ್ಟರೆ ತಯಾರಕರಿಗೆ ನಷ್ಟವೇನೂ ಇಲ್ಲ. ಅಳವಡಿಸುವ ಅಂಗಡಿಗಳವರು ಮೂಲ ಕಪ್ಲರನ್ನು ಕತ್ತರಿಸುವ ಚಾಳಿಯನ್ನು ಬಿಡಬೇಕು. ಎರಡೂ ತುದಿಗೆ ಸರಿಹೊಂದುವ ಅಡಾಪ್ಟರ್ ವೈರಿಂಗ್ ಹೆಚ್ಚಿನ ಕಾರುಗಳಿಗೆ ಸಿಗುತ್ತಿರುವಾಗ ಇಕ್ಕಳ ಎತ್ತುವುದು ಸೋಮಾರಿತನವಲ್ಲದೆ ಬೇರೇನಲ್ಲ. ಗಿರಾಕಿಗಳೂ ಕೆಲಸಕ್ಕೆ ಒಪ್ಪಿಸುವ ಮೊದಲೇ ‘ಕಪ್ಲರ್ ಕತ್ತರಿಸುವುದಿಲ್ಲ’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ನಾನು ಈಗ ಹಾಗೆಯೇ ಮಾಡುತ್ತೇನೆ, ಅವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ.

ತಮ್ಮ ಪತ್ರಿಕೆಯಿಂದಲೂ ಒಂದು ಉಪಕಾರವಾಗಬೇಕಿದೆ. ವಾಹನ ಪುಟದಲ್ಲಿ ಹೊಸ ಕಾರುಗಳ ವಿಮರ್ಶೆ ಬರೆಯುವವರು ಪರದೆ ಎಷ್ಟು ಅಂಗುಲದ್ದು ಎಂಬುದನ್ನು ತಪ್ಪದೆ ಬರೆಯುತ್ತಾರೆ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಲಿ: ಆ ಸ್ಟೀರಿಯೊಗೆ ಹೊರಗಿನಿಂದ ದನಿಯ ಸಂಕೇತ ಕೊಡಲು ಯಾವುದಾದರೂ ಕಿಂಡಿ ಇದೆಯೇ, ಇದ್ದರೆ ಎಲ್ಲಿದೆ, ಕಾರಿನ ಬೇರೆ ಕೆಲಸ ಕೆಡದಂತೆ ಅದನ್ನು ಬಿಚ್ಚಲು ಬರುತ್ತದೆಯೇ? ಇಂದು ಹೊಸತೆನಿಸಿದ ಈ ಪರದೆಗಳೂ ಹತ್ತು ವರ್ಷದಲ್ಲಿ ನನ್ನ ಕ್ಯಾಸೆಟ್ ಪ್ಲೇಯರಿನ ಸ್ಥಿತಿಗೆ ಬರಲಿವೆ. ಆಗ ಆ ಕಾರನ್ನು ಎರಡನೆಯವರಾಗಿ ಕೊಳ್ಳುವವರು ಹುಡುಕುವುದು ಈ ಸಾಲನ್ನೇ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ